ಡಿಂಪ್ನಾ ಲವೆಲ್‌ಳ ಪಕ್ಕದ ಸೀಟು

ನಮ್ಮ ಕ್ಲೂನ್‌ಬ್ರಿನ್‌ನಲ್ಲಿ ಡಿಂಪ್ನಾ ಲವೆಲ್‌ಳಷ್ಟು ಅವಸರದ ಹೆಂಗಸು ಇನ್ನೊಬ್ಬಳಿಲ್ಲ. ನಾನು ಮೂವತ್ತೊಂದು ವರ್ಷದಿಂದ ಇಲ್ಲಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನು. ಊರಿನ ಯಾರು ಸರದಿಯಲ್ಲಿ ಹೇಗೆ ನಿಲ್ಲುತ್ತಾರೆಂದು ನನಗೆ ಬಾಯಿಪಾಠ. ಕೆಲವರು ಗೋಡೆಗೆ ಒರಗುತ್ತಾರೆ. ಕೆಲವರು ಮುಂದಿದ್ದವರ ಮಂಡಿನೋವು, ಮೊಮ್ಮಕ್ಕಳು, ಹಸುವಿನ ಕೆಚ್ಚಲುಬಾವು ಎಲ್ಲ ವಿಚಾರಿಸಿ ಮುಗಿಸುತ್ತಾರೆ. ಡಿಂಪ್ನಾ ನಿಲ್ಲುತ್ತಲೇ ಇರಲಿಲ್ಲ. ಕಾರಿನ ಕೀಲಿಗೊಂಚಲನ್ನು ಅಂಗೈಗೆ ಕುಟ್ಟಿಕೊಳ್ಳುತ್ತ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದಳು.

"ಮ್ಯಾಲಕಿ, ಆ ಸ್ಟ್ಯಾಂಪು ಅಂಟಿಸ್ತಿದ್ದೀಯೋ, ಇಲ್ಲ ಅದಕ್ಕೆ ಲಾಲಿ ಹಾಡ್ತಿದ್ದೀಯೋ?"

ಇದು ನನಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಆಶೀರ್ವಾದ. ಬೇಕರಿಯಲ್ಲಿ ಬಾಗಿಲು ತೆರೆಯುವ ಮೊದಲೇ ಗಾಜಿನಾಚೆಯಿಂದ ತನಗೆ ಬೇಕಾದ ಬ್ರೆಡ್ಡಿನ ಹೆಸರು ಕೂಗುತ್ತಿದ್ದಳು. ಚರ್ಚಿನಲ್ಲಿ ಫಾದರ್ ಕಾನ್‌ರ ಪ್ರವಚನ ಏಳು ನಿಮಿಷ ದಾಟಿತೆಂದರೆ ಕೈಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸುತ್ತಿದ್ದಳು. ಅದು ನಿಂತುಹೋಗಿದೆಯೇನೋ ಎಂಬ ಅನುಮಾನ ಆಗ ಇಡೀ ಸಾಲಿಗೇ ಬರುತ್ತಿತ್ತು. ಒಮ್ಮೆ ಆಕೆಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಸ್ಲೈಗೊ ಕಡೆಯವನು, ಒಳ್ಳೆಯವನೇ. ಆದರೆ ಮದುವೆಗೆ ದಿನ ಗೊತ್ತುಮಾಡಲು ನಾಲ್ಕು ವರ್ಷ ತೆಗೆದುಕೊಂಡ. ಐದನೇ ವರ್ಷ ಡಿಂಪ್ನಾ ಉಂಗುರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಪಸ್ಸು ಕಳಿಸಿದಳು. ಆ ಪೊಟ್ಟಣ ತೂಗಿದವನು ನಾನೇ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಪಾಪ ಎಂದುಕೊಂಡು ಮುಖ ನೋಡಿದರೆ, "ಬೇಗ ಮುದ್ರೆ ಒತ್ತು ಮಹರಾಯ, ಹೊರಗೆ ಕಾರು ಅಡ್ಡ ನಿಲ್ಸಿದ್ದೀನಿ" ಎಂದಳು.

ಹೊಟ್ಟೆಪಾಡಿಗೆ ಆಕೆ ಮಾಡುತ್ತಿದ್ದುದು ಡ್ರೈವಿಂಗ್ ಕಲಿಸುವ ಕೆಲಸ. ಮೂವತ್ತಾರು ವರ್ಷ ಕಲಿಸಿದ್ದಳು. ತಲೆಯ ಮೇಲೆ ಹಳದಿ ಫಲಕ ಹೊತ್ತ ಪುಟ್ಟ ಬಿಳಿ ಕಾರು. ಎಡಗಡೆ ಆಕೆಯ ಸೀಟಿನ ಕೆಳಗೂ ಒಂದು ಬ್ರೇಕು. ಊರಿನ ಅರ್ಧ ಜನ ಆಕೆಯ ಪಕ್ಕದಲ್ಲಿ ಕೂತು ಕಲಿತವರು. ನಾನು ಮಾತ್ರ ಸೈಕಲ್ಲಿನವನು, ಕಾರು ಕಲಿಯಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದದ್ದು ಕಿಟಕಿಯಾಚೆಯ ಡಿಂಪ್ನಾ ಒಬ್ಬಳೇ. ಅರವತ್ತಾರಕ್ಕೆ ಸೊಂಟನೋವು ಹೆಚ್ಚಾಗಿ ಆಕೆ ಕಲಿಸುವುದನ್ನು ನಿಲ್ಲಿಸಿದಳು. ಅಲ್ಲಿಂದ ಮುಂದೆ ಅವಸರ ಇನ್ನೂ ಹೆಚ್ಚಿತು. ಹೋಗಬೇಕಾದ ಜಾಗವೇ ಇಲ್ಲದವಳು ಅಷ್ಟೊಂದು ಬೇಗ ಎಲ್ಲಿಗೆ ಹೊರಡುತ್ತಾಳೆಂದು ಊರಿನವರು ನಗುತ್ತಿದ್ದರು.

ಈಗ ಬಟನ್ ವಿಷಯ.

ಊರಾಚೆ ಹಳೆಯ ಹಾಲಿನ ಡೈರಿಯ ಶೆಡ್ಡಿನಲ್ಲಿ ನೂಲಾ ಗಾಹನ್ ಎಂಬಾಕೆ ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಾಳೆ. ಹನ್ನೊಂದು ಗೂಡುಗಳಿವೆ. ಶನಿವಾರ ಶನಿವಾರ ನಾನು ಅಲ್ಲಿಗೆ ಹೋಗುತ್ತೇನೆ. ಅಕ್ಷರ ದುಂಡಗಿದೆಯೆಂದು ನೂಲಾ ನನಗೆ ಎರಡು ಕೆಲಸ ಕೊಟ್ಟಿದ್ದಾಳೆ. ನಾಯಿಗೆ ಮನೆ ಬೇಕು ಎಂಬ ಚೀಟಿ ಬರೆದು ಅಂಗಡಿಗಳಲ್ಲಿ ಅಂಟಿಸುವುದು ಒಂದು, ಕೇಳಿ ಬಂದವರ ಮನೆಗೆ ಹೋಗಿ ನೋಡಿ ಬರುವುದು ಇನ್ನೊಂದು. ಬಟನ್ ಬಗ್ಗೆ ನಾನು ಬರೆದದ್ದು ಹೀಗಿತ್ತು: "ಹೆಣ್ಣು ನಾಯಿ. ವಯಸ್ಸು ಸುಮಾರು ಆರು. ತೂಕ ನಾಲ್ಕು ಕಿಲೊ. ಬಣ್ಣ ಕಂದು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಮುಟ್ಟಗೊಡುವುದಿಲ್ಲ. ಕರೆದರೆ ಬರುವುದಿಲ್ಲ. ಬಾಗಿಲು ದಾಟಲು ಹೆದರುತ್ತದೆ. ತಾಳ್ಮೆಯುಳ್ಳ ಮನೆ ಬೇಕಾಗಿದೆ."

ಮರಿ ಹಾಕಿಸಿ ಮಾರುವ ಯಾರದೋ ಶೆಡ್ಡಿನಲ್ಲಿ ಅದು ಹುಟ್ಟಿ ಅಲ್ಲೇ ಆರು ವರ್ಷ ಪಂಜರದಲ್ಲಿ ಕಳೆದಿತ್ತು. ಹುಲ್ಲು ಕಂಡಿರಲಿಲ್ಲ, ಮೆಟ್ಟಿಲು ಕಂಡಿರಲಿಲ್ಲ. ಯಾರಾದರೂ ಎದುರಿಗೆ ಬಂದರೆ ಗೋಡೆಯೊಳಕ್ಕೇ ಹೊಕ್ಕುಬಿಡುವಂತೆ ಮೂಲೆಗೆ ಒತ್ತಿಕೊಳ್ಳುತ್ತಿತ್ತು. ನಿವೃತ್ತ ಮೇಷ್ಟ್ರು, ಅವರ ಹೆಂಡತಿ ಒಯ್ದು ಒಂಬತ್ತು ದಿನಕ್ಕೆ ತಂದುಬಿಟ್ಟರು. "ನಾಯಿ ತಂದಿದ್ದೀವಿ ಅಂತ ಅನ್ನಿಸ್ಲೇ ಇಲ್ಲ ಕಣಪ್ಪ. ಸೋಫಾ ಕೆಳಗೆ ಏನೋ ಇದೆ ಅಂತ ಮಾತ್ರ ಗೊತ್ತಾಗ್ತಿತ್ತು" ಎಂದರು ಮೇಷ್ಟ್ರು. ಅವರ ತಪ್ಪೇನಿರಲಿಲ್ಲ. ಎಂಟು ತಿಂಗಳಲ್ಲಿ ಬೇರೆ ಯಾರೂ ಕೇಳಲಿಲ್ಲ. ಬೇಕರಿಯ ಗಾಜಿಗೆ ಅಂಟಿಸಿದ ಚೀಟಿ ಬಿಸಿಲಿಗೆ ಮಸುಕಾದ ಮೇಲೆ ಮತ್ತೊಂದನ್ನು ಬರೆದೆ.

ಆ ಎರಡನೇ ಚೀಟಿಯನ್ನು ಓದಿ ನವೆಂಬರಿನ ಒಂದು ಶನಿವಾರ ಡಿಂಪ್ನಾ ಶೆಡ್ಡಿಗೆ ಬಂದಳು.

"ಆ ತಾಳ್ಮೆ ನಾಯಿ ಎಲ್ಲಿ?"

"ತಾಳ್ಮೆ ಬೇಕಿರೋದು ಮನೆಯವರಿಗೆ, ಡಿಂಪ್ನಾ. ನಾಯಿಗಲ್ಲ."

"ನಂಗೂ ಓದೋಕೆ ಬರುತ್ತೆ. ತೋರ್ಸು."

ತೋರಿಸಿದೆ. ಜನ ಸಾಮಾನ್ಯವಾಗಿ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೆತ್ತಗಿನ ದನಿಯಲ್ಲಿ ಕರೆದು, ಬೆರಳು ತೂರಿಸಿ ನೋಡುತ್ತಾರೆ. ಡಿಂಪ್ನಾ ಒಂದು ಬಕೀಟು ಬೋರಲು ಹಾಕಿ, ಗೂಡಿಗೆ ಪಕ್ಕೆ ತಿರುಗಿಸಿ ಕೂತಳು. ಎದುರಿಗಿದ್ದ ನಾಯಿ ಆಹಾರದ ಚೀಲದ ಮೇಲಿನ ಬರಹವನ್ನು ಹತ್ತು ನಿಮಿಷ ಓದಿದಳು. ನನ್ನ ಮಾತಿಗೆ ಕೋಪ ಬಂದಿದೆ ಎಂದುಕೊಂಡೆ. ಎದ್ದು ಹೊರಡುವಾಗ, "ಇವಳನ್ನ ನಾನು ತಗೊಳ್ತೀನಿ. ಕಾಗದ ಗೀಗದ ಏನಿದೆ ಬೇಗ ಮುಗ್ಸು" ಎಂದಳು.

ಆಕೆ ಹೋದ ಮೇಲೆ ಅರ್ಜಿಯ ಕೆಳಗೆ ನಾನು 'ಸೂಕ್ತವಲ್ಲ' ಎಂದು ಬರೆದು ನೂಲಾಳ ಮುಂದಿಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಓದಿದಳು.

"ಮ್ಯಾಲಕಿ, ಯಾವತ್ತಾದ್ರೂ ಡಿಂಪ್ನಾ ಕಾರಲ್ಲಿ ಕೂತಿದ್ದೀಯಾ?"

"ಇಲ್ಲ."

"ನಾನು ಆರು ಸಲ ಫೇಲಾದವಳು. ಒಂದ್ಸಲ ಚರ್ಚ್ ಗೇಟಿಗೇ ಗುದ್ದಿಬಿಟ್ಟೆ. ಒಳಗಿಂದ ಮದುಮಗಳು ಹೊರಗೆ ಬರ್ತಿದ್ಲು, ಫೋಟೋದವನು ಬೇರೆ ನಿಂತಿದ್ದ. ನಂಗೆ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಇವಳು ಏನಂದ್ಲು ಗೊತ್ತಾ? 'ಒಳ್ಳೇದಾಯ್ತು ನೂಲಾ, ಗೇಟು ಎಲ್ಲಿದೆ ಅಂತ ಈಗ ಗೊತ್ತಾಯ್ತಲ್ಲ. ಹಿಂದಕ್ಕೆ ತಗೋ' ಅಂದ್ಲು. ಅಷ್ಟೇ."

"ಇದೇ ಡಿಂಪ್ನಾನಾ?"

"ಊರಲ್ಲಿ ಇನ್ನೊಬ್ಬಳು ಇದ್ದಾಳಾ?"

ಕೊನೆಗೆ ಆರು ವಾರದ ಪರೀಕ್ಷೆ ಎಂದು ಒಪ್ಪಂದವಾಯಿತು. ವಾರಕ್ಕೊಮ್ಮೆ ನಾನು ಹೋಗಿ ನೋಡಬೇಕು, ನನಗೆ ಸರಿಕಾಣದಿದ್ದರೆ ನಾಯಿ ವಾಪಸ್ಸು.

ಐದನೇ ದಿನ ಹೋದಾಗ ನನ್ನ ಮಾತೇ ನಿಜವಾದಂತೆ ಕಂಡಿತು. ಡಿಂಪ್ನಾಳ ಅಡುಗೆಮನೆಯಲ್ಲಿ ಯಾವುದೂ ಸುಮ್ಮನೆ ತೆರೆದು ಸುಮ್ಮನೆ ಮುಚ್ಚುವುದಿಲ್ಲ. ಕಪಾಟಿನ ಬಾಗಿಲು ಬಡಿಯುತ್ತಿತ್ತು, ಕೆಟಲ್ ಒಲೆಯ ಮೇಲೆ ದಡಕ್ಕನೆ ಕೂರುತ್ತಿತ್ತು, ಸೌದೆಯ ಬದಲು ಸುಡುವ ಜೌಗುಮಣ್ಣಿನ ಒಣಹೆಂಟೆಗಳು ಒಲೆಯೊಳಗೆ ಧಡಧಡ ಬೀಳುತ್ತಿದ್ದವು. ಬಟನ್ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಸೇರಿಕೊಂಡಿತ್ತು. ಮೇಲಕ್ಕೆದ್ದ ಕಿವಿಯ ತುದಿ ಮಾತ್ರ ಕಾಣುತ್ತಿತ್ತು. ಆಕೆ ಮಲಗಲು ಹೋದ ಮೇಲೆ ಹೊರಗೆ ಬಂದು ಒಂದೆರಡು ತುತ್ತು ತಿನ್ನುತ್ತದಂತೆ, ಅಷ್ಟೇ.

ಡಿಂಪ್ನಾ ಕುರ್ಚಿ ಎಳೆದು ಕೂತಳು. ಕುರ್ಚಿ ಕಿರುಗುಟ್ಟಿದ್ದಕ್ಕೆ ಮೆಷಿನ್ನಿನ ಹಿಂದೆ ಏನೋ ಸರಿದ ಸದ್ದಾಯಿತು. ಆಕೆಯ ಮುಖ ಇಳಿದುಹೋಯಿತು.

"ಈ ಕೈಗಳಿಗೆ ನಿಧಾನ ಅನ್ನೋದು ಗೊತ್ತೇ ಇಲ್ಲ, ಮ್ಯಾಲಕಿ. ಐದು ದಿನದಿಂದ ಬೆಕ್ಕಿನ ಹೆಜ್ಜೆ ಇಡೋಕೆ ನೋಡ್ತಿದ್ದೀನಿ. ನಿನ್ನೆ ಎರಡು ತಟ್ಟೆ ಒಡೆದೆ. ಅವಳು ನನ್ನ ನೋಡಿದ್ರೆ ನಡುಗ್ತಾಳೆ. ಕರ್ಕೊಂಡು ಹೋಗು."

ಸರಿ ಎಂದೆ. ಒಳಗೊಳಗೆ ನನ್ನ ಮಾತು ಗೆದ್ದಿತೆಂಬ ಸಮಾಧಾನವೂ ಇತ್ತು, ಸುಳ್ಳೇಕೆ ಹೇಳಲಿ. ಮೆಷಿನ್ ಸರಿಸಿ, ಕಂಬಳಿ ಹಾಸಿದ ಪೆಟ್ಟಿಗೆಯನ್ನು ಅಡ್ಡ ಇಟ್ಟಾಗ ಬಟನ್ ತಾನಾಗಿ ಅದರೊಳಕ್ಕೆ ನುಗ್ಗಿತು. ಆದರೆ ಸೈಕಲ್ಲಿನ ಮೇಲೆ ಅದನ್ನು ಒಯ್ಯುವುದು ಹೇಗೆ? ಡಿಂಪ್ನಾಳೇ ಕಾರು ತೆಗೆದಳು. ಆಕೆ ಸ್ಟೀರಿಂಗ್ ಹಿಡಿದಳು, ನಾನು ಎಡಗಡೆ ಕೂತೆ, ಪೆಟ್ಟಿಗೆ ಹಿಂದಿನ ಸೀಟಿನಲ್ಲಿ, ಬಾಯಿ ತೆರೆದೇ ಇತ್ತು.

ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪ್ಯಾಕಿ ಎಂಬ ರೈತನ ಹಸುಗಳು ರಸ್ತೆಗೆ ಬಂದವು. ನಲವತ್ತು ಹಸುಗಳು, ಒಂದರ ಹಿಂದೆ ಒಂದು. ಹಿಂದೆ ಕೋಲು ಹಿಡಿದು ಪ್ಯಾಕಿ. ಅವನೂ ಬೇಲಿಯಾಚೆ ಪಕ್ಕದ ಹೊಲದವನನ್ನು ಕಂಡು ಅಲ್ಲೇ ಮಾತಿಗೆ ನಿಂತ. ಹಸುಗಳೂ ನಿಂತವು. ಈಗ ಡಿಂಪ್ನಾ ಹಾರ್ನ್ ಒತ್ತುತ್ತಾಳೆ, ಕಿಟಕಿ ಇಳಿಸಿ ಪ್ಯಾಕಿಯ ಏಳು ತಲೆಮಾರನ್ನು ಎತ್ತಾಡುತ್ತಾಳೆ ಎಂದು ನಾನು ಕಾದೆ.

ಆಕೆ ಎಂಜಿನ್ ಆರಿಸಿದಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಅವು ಅಲ್ಲಾಡಲೇ ಇಲ್ಲ. ಗಾಜಿನಾಚೆ ಒಂದು ಹಸುವಿನ ಬಾಲವನ್ನು ನೋಡುತ್ತ ಕೂತಳು. ಭುಜ ಇಳಿದಿತ್ತು, ಉಸಿರು ನಿಧಾನವಾಗಿತ್ತು. ಅಂಚೆ ಕಚೇರಿಯಲ್ಲಿ ನಾನು ಕಂಡ ಹೆಂಗಸಿನ ಯಾವ ಗುರುತೂ ಅಲ್ಲಿರಲಿಲ್ಲ. ಮಳೆಹನಿ ಗಾಜಿನ ಮೇಲೆ ಇಳಿಯುತ್ತಿತ್ತು. ಐದು ನಿಮಿಷ ಕಳೆದಿರಬೇಕು. ಹಿಂದೆ ಕಂಬಳಿ ಸರಿದಂತಾಯಿತು.

"ತಿರುಗಬೇಡ," ಎಂದಳು ಡಿಂಪ್ನಾ. ಅಂಥ ದನಿಯನ್ನು ನಾನು ಆಕೆಯಿಂದ ಕೇಳಿರಲಿಲ್ಲ. "ಮಾತೂ ಬೇಡ. ಹಸು ನೋಡು."

ನಾನು ಹಸು ನೋಡಿದೆ. ನಮ್ಮಿಬ್ಬರ ಸೀಟುಗಳ ನಡುವಿನಿಂದ ಒದ್ದೆ ಮೂಗೊಂದು ಬಂತು. ಆಮೇಲೆ ಕಂದು ತಲೆ. ಗೇರಿನ ಹಿಡಿಯನ್ನು ಮೂಸಿತು. ಡಿಂಪ್ನಾಳ ತೋಳನ್ನು ಮೂಸಿತು. ನಂತರ ಅದೂ ಮುಂದಕ್ಕೆ ನೋಡುತ್ತ ನಿಂತಿತು. ಮೂವರೂ ಹಸುಗಳನ್ನು ನೋಡಿದೆವು. ಪ್ಯಾಕಿ ಮಾತು ಮುಗಿಸಿ ಬಂದು, ಬೈಗುಳ ತಿನ್ನಲು ಸಿದ್ಧನಾದವನಂತೆ ತಲೆ ತಗ್ಗಿಸಿ ಟೋಪಿ ಮುಟ್ಟಿದ. ಡಿಂಪ್ನಾ ಒಂದು ಬೆರಳು ಎತ್ತಿ ನಮಸ್ಕಾರ ಹೇಳಿದಳು. ಅವನು ಗಾಬರಿಯಾಗಿ ಎರಡು ಸಲ ತಿರುಗಿ ನೋಡಿಕೊಂಡು ಹೋದ.

ರಸ್ತೆ ತೆರವಾದ ಮೇಲೂ ಆಕೆ ಕಾರು ಹೊರಡಿಸಲಿಲ್ಲ.

"ಹೆದರಿದವರ ಮುಖ ನೋಡಬಾರದು, ಮ್ಯಾಲಕಿ. ಪಕ್ಕದಲ್ಲಿ ಕೂತ್ಕೊಂಡು ರಸ್ತೆ ನೋಡಬೇಕು. ಮೂವತ್ತಾರು ವರ್ಷ ಮಾಡಿದ್ದೂ ಅದನ್ನೇ ಅಲ್ವಾ? ಮನೇಲಿ ನಾನು ಇವಳ ಎದುರಿಗೇ ಓಡಾಡ್ತಿದ್ದೆ. ಎಂಥ ದಡ್ಡಿ ನಾನು."

"ಈಗ ಏನ್ಮಾಡೋಣ?"

"ನೀನು ಹೇಳಬೇಕು. ಪರೀಕ್ಷೆ ಮಾಡೋನು ನೀನು."

ಕಾರು ತಿರುಗಿಸಿ ಎಂದೆ. ಆಕೆ ತಿರುಗಿಸಿದ್ದು ಎಷ್ಟು ಮೆತ್ತಗೆಂದರೆ ಬಟನ್ ಕಾಲು ಕೂಡ ಬದಲಿಸಲಿಲ್ಲ.

ಮಾರನೆಯ ದಿನದಿಂದ ಡಿಂಪ್ನಾ ಮನೆಯಂಗಳದಲ್ಲಿ ನಿಂತ ಕಾರಿನಲ್ಲೇ ಹಗಲು ಕಳೆಯತೊಡಗಿದಳು. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ, ಬೆಣ್ಣೆ ಹಚ್ಚಿದ ಕಂದು ಬ್ರೆಡ್ಡು, ಪದಬಂಧದ ಪುಸ್ತಕ, ಮಂಡಿಯ ಮೇಲೆ ಕಂಬಳಿ. ಅಭ್ಯಾಸ ಬಲದಿಂದ ಆಕೆ ತನ್ನ ಎಡಗಡೆಯ ಸೀಟಿನಲ್ಲೇ ಕೂರುತ್ತಿದ್ದಳು. ಖಾಲಿ ಉಳಿದದ್ದು ಸ್ಟೀರಿಂಗಿನ ಮುಂದಿನ ಸೀಟು. ಹತ್ತನೇ ದಿನ ಬಟನ್ ಪೆಟ್ಟಿಗೆ ಬಿಟ್ಟು ಅಲ್ಲಿಗೆ ಬಂದು ಕೂತಿತು. ತಲೆಯ ಮೇಲೆ ಹಳದಿ ಫಲಕ ಇನ್ನೂ ಇತ್ತು. ಬೇಲಿಯಾಚೆ ಹೋಗುವವರಿಗೆ ಕಾಣುತ್ತಿದ್ದುದು ಇಷ್ಟು: ಡ್ರೈವಿಂಗ್ ಶಾಲೆಯ ಕಾರು, ಡ್ರೈವರ್ ಸೀಟಿನಲ್ಲಿ ಒಂದು ಕಿವಿ ನಿಂತ ನಾಯಿ, ಪಕ್ಕದಲ್ಲಿ ಗಂಭೀರವಾಗಿ ಡಿಂಪ್ನಾ.

ಊರಿಗೆ ಚಳಿಗಾಲ ಪೂರ್ತಿ ಸಾಲುವಷ್ಟು ನಗು ಸಿಕ್ಕಿತು. ಬೇಕರಿಯಲ್ಲಿ, "ಹೊಸ ವಿದ್ಯಾರ್ಥಿನಿ ರಿವರ್ಸ್ ಕಲಿತಳಾ ಮಿಸ್ ಲವೆಲ್?" ಎಂದು ಕೇಳಿದರು. "ನಿನ್ನ ಗಂಡನಿಗಿಂತ ಬೇಗ ಕಲೀತಾಳೆ. ಬ್ರೆಡ್ಡು ಕೊಡು" ಎಂಬ ಉತ್ತರ ಬಂತು. ಪೊಲೀಸ್ ಸಾರ್ಜೆಂಟ್ ಒಂದು ದಿನ ಬೇಲಿಯ ಬಳಿ ಬಂದು ಬಗ್ಗಿ, "ಡಿಂಪ್ನಾ, ಆಕೆಗೆ ಲೈಸೆನ್ಸ್ ಇದೆಯಾ?" ಎಂದ.

"ಕಲಿಯೋರ ಬೋರ್ಡ್ ಹಾಕಿದ್ದೀನಲ್ಲ, ಕಣ್ಣು ಕಾಣಲ್ವಾ? ದೂರ ನಿಲ್ಲು, ಅವಳಿಗೆ ಟೋಪಿ ಆಗಲ್ಲ."

ನಾನು ವಾರವಾರ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತು, ಯಾರ ಮುಖವನ್ನೂ ನೋಡದೆ, ಇಬ್ಬರ ಬೆನ್ನು ನೋಡಿಕೊಂಡು ಚಹಾ ಕುಡಿದು ಬರುತ್ತಿದ್ದೆ. ಆ ಗಂಟೆಗಳಲ್ಲಿ ಡಿಂಪ್ನಾ ತನ್ನ ತಂದೆಯ ಬಗ್ಗೆ ಹೇಳಿದಳು. ಅವನು ಡೈರಿಯ ಹಾಲಿನ ಲಾರಿ ಓಡಿಸುತ್ತಿದ್ದ. ಹದಿನಾಲ್ಕು ವರ್ಷದ ಮಗಳನ್ನು ಜೌಗುನೆಲದ ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಪೈಪು ಸೇದುತ್ತ ಹೊರಗೆ ನೋಡುತ್ತಿದ್ದನಂತೆ. ಲಾರಿ ಚರಂಡಿಗಿಳಿದಾಗಲೂ ಹೊರಗೇ ನೋಡುತ್ತಿದ್ದನಂತೆ. "ಆಮೇಲೆ ಪೈಪು ಕೊಡವಿ, 'ಇಲ್ಲಿ ಮೂಲಂಗಿ ಚೆನ್ನಾಗಿ ಬಂದಿದೆ' ಅಂದ. ಅಷ್ಟೇ ಅವನು ಬೈದದ್ದು."

ಆದರೆ ಚಳಿ ಹೆಚ್ಚಾಯಿತು. ಡಿಸೆಂಬರಿನಲ್ಲಿ ಕಾರಿನೊಳಗೆ ಕೂರುವುದು ಸೊಂಟನೋವಿನವಳಿಗೆ ಆಗುವ ಮಾತಲ್ಲ. ಬಟನ್‌ಗೆ ಮನೆಯ ಹೊಸ್ತಿಲು ದಾಟಲು ಆಗದು. ಎತ್ತಿ ಒಯ್ಯಲು ಡಿಂಪ್ನಾ ಒಪ್ಪಳು. ಸಂಜೆ ಪೆಟ್ಟಿಗೆಯೊಳಗೆ ಅದು ತಾನಾಗಿ ಸೇರಿಕೊಂಡ ಮೇಲೆ ಪೆಟ್ಟಿಗೆಯನ್ನೇ ಒಳಗೆ ಒಯ್ಯುತ್ತಿದ್ದಳು. ಬೆಳಗಾದರೆ ಮತ್ತೆ ಕಾರು.

ಆಕೆಯ ತಮ್ಮ ಫಿಂಟನ್‌ಗೆ ಹಳೆ ಕಾರು ಬಿಚ್ಚಿ ಮಾರುವ ಅಂಗಳವಿದೆ. ಡಿಂಪ್ನಾ ಅವನಿಗೆ ಫೋನು ಮಾಡಿ, ತನ್ನದೇ ಮಾದರಿಯ ಕಾರಿನ ಎರಡು ಮುಂದಿನ ಸೀಟು ಬೇಕೆಂದಳು. ಮಾರನೆಯ ದಿನ ಫಿಂಟನ್ ಅವನ್ನು ಒಂದು ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿದು ತಂದು, ಅಡುಗೆಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಇಟ್ಟ. ನಾನೂ ಹಲಗೆಗೆ ಕೈ ಕೊಟ್ಟೆ.

"ಅಪ್ಪ ಇದ್ದಿದ್ರೆ ನಿನ್ನನ್ನ ಆಸ್ಪತ್ರೆಗೆ ಸೇರಿಸ್ತಿದ್ದ, ಅಕ್ಕ," ಎಂದ ಫಿಂಟನ್.

"ಅಪ್ಪ ಇದ್ದಿದ್ರೆ ಬೋಲ್ಟು ನಿನಗಿಂತ ನೆಟ್ಟಗೆ ಬಿಗೀತಿದ್ದ. ಅಲ್ಲಾಡ್ತಿದೆ ನೋಡು."

"ಸೀಟ್ ಬೆಲ್ಟ್ ಬೇಡವಾ?"

"ನಿನ್ನ ಬಾಯಿಗೆ ಕಟ್ಟೋಕೆ ಒಂದು ತಂದಿಡು."

ಡಿಂಪ್ನಾ ತನ್ನ ಕಾರನ್ನು ಹಿಂಬಾಗಿಲಿಗೆ ಅಂಟಿದಂತೆ ನಿಲ್ಲಿಸಿದಳು. ಬಟನ್ ಕೂತ ಸೀಟಿನ ಬಾಗಿಲು ತೆರೆದರೆ ನೇರ ಅಡುಗೆಮನೆ, ಒಳಗೆ ಅಂಥವೇ ಇನ್ನೆರಡು ಸೀಟು. ಆಕೆ ಒಳಗೆ ಹೋಗಿ ಎಡಗಡೆಯದರಲ್ಲಿ ಕೂತು ಕಿಟಕಿಯಾಚೆ ಬೇಲಿ ನೋಡುತ್ತ ಪದಬಂಧ ತುಂಬುತ್ತಿದ್ದಳು. ಕರೆಯಲಿಲ್ಲ, ಬಿಸ್ಕತ್ತು ತೋರಿಸಲಿಲ್ಲ. ಬಾಗಿಲು ತೆರೆದೇ ಇದ್ದುದರಿಂದ ಅಡುಗೆಮನೆಯೂ ಹೊರಗಿನಷ್ಟೇ ತಣ್ಣಗಿರುತ್ತಿತ್ತು. ಕೋಟು, ಟೋಪಿ, ಕೈಗವಸು ಹಾಕಿಕೊಂಡೇ ಆಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಫಾದರ್ ಕಾನ್ ನೋಡಿಹೋಗಲು ಬಂದವರು ಗೊತ್ತಿಲ್ಲದೆ ಬಲಗಡೆಯ ಸೀಟಿನಲ್ಲಿ ಕೂತುಬಿಟ್ಟರು. "ಅದು ಅವಳ ಜಾಗ, ಫಾದರ್. ಸ್ವರ್ಗದಲ್ಲಿ ನಿಮಗೆ ಕುರ್ಚಿ ಹಾಕಿರ್ತಾರೆ, ಇಲ್ಲಿ ಸ್ಟೂಲು" ಎಂದು ಎಬ್ಬಿಸಿದಳು.

ಒಂದು ಗುರುವಾರ ಹನ್ನೊಂದು ಗಂಟೆಗೆ ಅಂಚೆ ಕಚೇರಿಗೆ ಫೋನು ಬಂತು. ಆಚೆ ಕಡೆ ಪಿಸುಮಾತು. ಡಿಂಪ್ನಾ ಪಿಸುಗುಟ್ಟಿದ್ದನ್ನು ಊರಿನಲ್ಲಿ ಯಾರೂ ಕೇಳಿದವರಿಲ್ಲ ಎಂದುಕೊಂಡಿದ್ದೆ. ಪಾರ್ಶ್ವವಾಯು ಹೊಡೆದಿದೆ ಎಂದೇ ಅಂದುಕೊಂಡೆ.

"ಮ್ಯಾಲಕಿ, ಬಂದಳು."

"ಯಾರು?"

"ಇನ್ಯಾರು, ಪೋಪಾ? ಅವಳೇ. ತಾನೇ ಇಳಿದು, ಹೊಸ್ತಿಲ ಮುಂದೆ ಒಂದು ಕಾಲು ಎತ್ತಿಕೊಂಡು ಕಾಲು ಗಂಟೆ ನಿಂತಿದ್ದಳು. ನಾನು ಉಸಿರು ಬಿಟ್ಟಿಲ್ಲ. ಈಗ ಸೀಟಲ್ಲಿ ಕೂತಿದ್ದಾಳೆ. ಬೇಲಿ ಮೇಲಿರೋ ಕಾಗೆ ನೋಡ್ತಿದ್ದಾಳೆ. ಕಾಗೆ ಹೋದ್ರೆ ಏನ್ಮಾಡ್ಲಿ?"

"ಇನ್ನೊಂದು ಬರುತ್ತೆ ಬಿಡಿ," ಎಂದೆ. ಕಿಟಕಿಯ ಮುಂದೆ ಆರು ಜನ ನಿಂತಿದ್ದರು. ನಾನು ಫೋನು ಇಟ್ಟು ಸುದ್ದಿ ಹೇಳಿದೆ. ಆರು ಜನರಲ್ಲಿ ನಾಲ್ವರು ಆಕೆಯ ಪಕ್ಕದಲ್ಲಿ ಕೂತು ಕಲಿತವರು. ಪಿಂಚಣಿಗೆ ಬಂದಿದ್ದ ಒಬ್ಬ ಮುದುಕ ಟೋಪಿ ತೆಗೆದು ಹಾಕಿಕೊಂಡ. "ನಂಗೆ ಕ್ಲಚ್ಚು ಅರ್ಥವಾದ ದಿನಾನೂ ಅವಳು ಹೀಗೇ ಪಿಸುಗುಟ್ಟಿದ್ದಳು" ಎಂದ.

ಮೂರು ದಿನ ಮುಂಚೆಯೇ ಆರು ವಾರ ಮುಗಿದಿತ್ತು. ನಾನು ಕಾಗದ ತುಂಬುವುದನ್ನು ಮುಂದೂಡಿದ್ದೆ. ಆ ಸಂಜೆ 'ಸೂಕ್ತವಲ್ಲ' ಎಂಬುದರಲ್ಲಿ ಕೊನೆಯ ಎರಡಕ್ಷರ ಹೊಡೆದುಹಾಕಿ, ಸಹಿ ಮಾಡಿ ನೂಲಾಗೆ ಕೊಟ್ಟೆ. ಆಕೆ ಕನ್ನಡಕದ ಮೇಲಿನಿಂದ ನೋಡಿದ್ದೇ ಸಾಕಾಗಿತ್ತು.

ಫೆಬ್ರುವರಿಯಲ್ಲಿ ರೊಸಾಂಜೆಲಾ ಬಂದಳು. ಬ್ರೆಜಿಲ್‌ನವಳು. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಸಿಗುವುದರಲ್ಲಿತ್ತು, ಆದರೆ ಕಾರು ಓಡಿಸಲು ಬರಬೇಕು. ಎರಡು ಸಲ ಬೇರೆ ಕಡೆ ಕಲಿತು ಎರಡು ಸಲವೂ ಫೇಲಾಗಿದ್ದಳು. ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತದೆ, ಇಂಗ್ಲಿಷ್ ಮರೆತುಹೋಗುತ್ತದೆ. ಡಿಂಪ್ನಾ ಬಾಗಿಲು ಅರ್ಧ ತೆರೆದು, "ನಿಲ್ಸಿಬಿಟ್ಟೆ. ನಿವೃತ್ತಿ. ಬೇರೆಯವರನ್ನ ನೋಡಮ್ಮ" ಎಂದಳು. ಅಷ್ಟರಲ್ಲಿ ಆಕೆಯ ಕಾಲ ಸಂದಿನಿಂದ ಬಟನ್ ಇಣುಕಿತು. ರೊಸಾಂಜೆಲಾ ಅದನ್ನು ನೋಡಿದಳು, ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿ ನೆಲ ನೋಡುತ್ತ ನಿಂತಳು. ಆರೈಕೆ ಕೇಂದ್ರದಲ್ಲಿ ಕಲಿತದ್ದೋ, ಹುಟ್ಟುಗುಣವೋ.

ಡಿಂಪ್ನಾ ಬಾಗಿಲನ್ನು ಪೂರ್ತಿ ತೆರೆದಳು.

"ಬೆಳಿಗ್ಗೆ ಒಂಬತ್ತಕ್ಕೆ ಬಾ. ಒಂಬತ್ತು ಅಂದ್ರೆ ಒಂಬತ್ತು. ಹಿಂದಿನ ಸೀಟಲ್ಲಿ ಇವಳೂ ಇರ್ತಾಳೆ."

ಬಟನ್‌ಗೆ ನೂಲಾ ಮೊದಲೇ ಹಾಕಿಕೊಟ್ಟಿದ್ದ ನಡುಪಟ್ಟಿಗೆ ಉದ್ದ ಹಗ್ಗ ಸಿಕ್ಕಿಸಿ ಹಿಂದಿನ ಸೀಟಿಗೆ ಕಟ್ಟುವುದು, ಮುಂದೆ ಇಬ್ಬರು ಹೆಂಗಸರು. ಸೊಂಟಕ್ಕೆ ಒಂದು ದಿಂಬು. ಮೊದಲ ವಾರ ರೊಸಾಂಜೆಲಾ ವೃತ್ತದ ಮಧ್ಯೆ ಎಂಜಿನ್ ಆರಿಹೋಗಿ ನಿಂತುಬಿಟ್ಟಳು. ಹಿಂದಿನ ಲಾರಿಯವನು ಒತ್ತಿದ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ರೊಸಾಂಜೆಲಾಳ ಕಣ್ಣಲ್ಲಿ ನೀರು ಬಂತು.

"ಅವನು ನನ್ನ ಬೈತಿದ್ದಾನೆ ಮಿಸ್."

"ಅವನಿಗೆ ಹೊಟ್ಟೆನೋವಿರಬೇಕು. ಈ ಊರಲ್ಲಿ ಹೂವು ಚೆನ್ನಾಗಿ ನೆಟ್ಟಿದ್ದಾರೆ ನೋಡು ವೃತ್ತದಲ್ಲಿ. ಹಳದಿ ಜಾಸ್ತಿ ಆಯ್ತು. ನಿನಗೇನನ್ನಿಸುತ್ತೆ?"

"ಹಳದಿ ಚೆನ್ನಾಗಿದೆ."

"ಹಾಗಾದ್ರೆ ಸರಿ. ಈಗ ಕೀಲಿ ತಿರುಗ್ಸು."

ಇದನ್ನು ನನಗೆ ಹೇಳಿದವಳು ರೊಸಾಂಜೆಲಾ. ಡಿಂಪ್ನಾ ಹೇಳಿದ್ದು ಬೇರೆ: ಕಾರು ಹೊರಟ ಮೇಲೆ ಆ ಲಾರಿಯವನನ್ನು ಮುಂದಿನ ಪೆಟ್ರೋಲ್ ಬಂಕಿನಲ್ಲಿ ಹುಡುಕಿ, ಕೆಳಗಿಳಿದು ಹೋಗಿ, ದೂರು ಹೇಳಲೆಂದು ಅವನ ಅಮ್ಮನ ಹೆಸರು ಕೇಳಿ ಬರೆದುಕೊಂಡು ಬಂದಳಂತೆ. ಅವನು ಕೊಟ್ಟನಂತೆ ಕೂಡ.

ಏಪ್ರಿಲ್ ಬಂದರೆ ರೊಸಾಂಜೆಲಾಳ ಪರೀಕ್ಷೆ. ಅದಕ್ಕೂ ಮುಂಚೆ, ಮಾರ್ಚಿನಲ್ಲಿ, ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ. ನಮ್ಮ ಊರಿನ ಮೆರವಣಿಗೆಯೆಂದರೆ ಹದಿನೈದು ಟ್ರಾಕ್ಟರು, ಶಾಲೆಯ ಬ್ಯಾಂಡು, ಹಸಿರು ಬಳಿದುಕೊಂಡ ಒಂದು ಕತ್ತೆ. ಈ ಸಲ ಸಮಿತಿಯವರಿಗೆ ಡಿಂಪ್ನಾಳ ಕಾರು ಮುಂದೆ ಹೋಗಬೇಕು, ಬಟನ್ ಡ್ರೈವರ್ ಸೀಟಿನಲ್ಲಿ ಕೂರಬೇಕು ಎಂಬ ಆಸೆ. ಕೇಳಲು ನನ್ನನ್ನೇ ಕಳಿಸಿದರು.

"ಟ್ರಾಕ್ಟರ್ ಮುಂದೆ ಆಮೆ ಥರ ಒಂದು ಗಂಟೆ ತೆವಳಬೇಕಾ? ಅಷ್ಟೊಂದು ತಾಳ್ಮೆ ಯಾರಿಗಿದೆ," ಎಂದಳು ಡಿಂಪ್ನಾ. ಆಮೇಲೆ ದನಿ ತಗ್ಗಿಸಿ, "ಡೋಲು ಬಾರಿಸ್ತಾರೆ, ಮ್ಯಾಲಕಿ. ಇವಳಿಗೆ ಅದು ಬೇಡ. ನಾವು ಆವತ್ತು ಸಮುದ್ರಕ್ಕೆ ಹೋಗ್ತೀವಿ. ಬರೋದಾದ್ರೆ ಬಾ. ಹತ್ತು ಗಂಟೆಗೆ. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ."

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ. ಆಗಲೇ ಎಂಜಿನ್ ಚಾಲೂ ಇತ್ತು. ಊರೆಲ್ಲ ಮೆರವಣಿಗೆಗೆ ಹೋಗಿದ್ದರಿಂದ ಕಡಲ ದಂಡೆಯಲ್ಲಿ ನಾವೇ. ರೊಸಾಂಜೆಲಾ ಓಡಿಸಿಕೊಂಡು ಬಂದಿದ್ದಳು. ಮರಳಿನ ಅಂಚಿಗೆ ಕಾರು ನಿಲ್ಲಿಸಿ, ಸೀಟಿನಿಂದ ಬಿಚ್ಚಿದ ಉದ್ದ ಹಗ್ಗದ ತುದಿಯನ್ನು ಡಿಂಪ್ನಾಳ ಕೈಗಿತ್ತು, ಹಿಂದಿನ ಬಾಗಿಲನ್ನೂ ಡಿಂಪ್ನಾಳ ಕಡೆಯ ಬಾಗಿಲನ್ನೂ ತೆರೆದಿಟ್ಟು ಬಂದು ಕೂತಳು. ಎಲ್ಲರೂ ಅಲೆ ನೋಡಿದೆವು. ಬಟನ್ ಒಂದು ಕಾಲನ್ನು ಮರಳಿನ ಮೇಲಿಟ್ಟಿತು, ಕೂಡಲೇ ತೆಗೆಯಿತು. ಮತ್ತೆ ಇಟ್ಟಿತು, ತೆಗೆಯಿತು. ಮೂರನೇ ಸಲ ನಾಲ್ಕೂ ಕಾಲು ಕೆಳಗಿಳಿದವು. ಗಾಳಿಗೆ ಕೆಳಗಿನ ಕಿವಿಯೂ ಮೇಲೆದ್ದಿತು. ಹಗ್ಗ ಉದ್ದಕ್ಕೂ ಬಿಚ್ಚಿಕೊಳ್ಳುವವರೆಗೆ ಅದು ಒಂದೇ ನೇರಕ್ಕೆ ಓಡಿತು. ಅಲ್ಲಿ ನಿಂತು, ಒದ್ದೆ ಮರಳನ್ನು ಒಮ್ಮೆ ನೆಕ್ಕಿ, ಸೀನಿತು. ಆಮೇಲೆ ತಿರುಗಿ ಅಷ್ಟೇ ವೇಗದಲ್ಲಿ ಓಡಿಬಂದು ಡಿಂಪ್ನಾಳ ತೆರೆದ ಬಾಗಿಲಿನಿಂದ ನೇರ ಆಕೆಯ ಮಡಿಲಿಗೆ ಹಾರಿತು. ಆವರೆಗೆ ಅದು ಯಾರ ಮಡಿಲನ್ನೂ ಏರಿದ್ದಿಲ್ಲ.

ಡಿಂಪ್ನಾ ಕೈ ಎತ್ತಲಿಲ್ಲ. ಆಕೆಯ ಕೋಟಿನ ಮೇಲೆಲ್ಲ ಮರಳಾಯಿತು. ಬಹಳ ಹೊತ್ತಿನ ಮೇಲೆ ಒಂದು ಬೆರಳಿನಿಂದ ಅದರ ಬೆನ್ನು ಮುಟ್ಟಿದಳು. ಅದು ಸರಿಯಲಿಲ್ಲ.

"ಮ್ಯಾಲಕಿ," ಎಂದಳು, ಅಲೆಯ ಕಡೆಯಿಂದ ಕಣ್ಣು ತೆಗೆಯದೆ, "ಆ ಡಬ್ಬಿಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇದೆ. ಎಲ್ಲರಿಗೂ ಒಂದೊಂದು ಕೊಡು. ನಿಧಾನಕ್ಕೆ ಬಿಚ್ಚು, ಕಾಗದ ಸದ್ದು ಮಾಡುತ್ತೆ."